ಬೀಟಾ-ಕಾರ್ಬೊಲಿನ್ ಕಟ್ಟುವವರ ಜಗಳ

ಕಾಫಿ ಬೀಜ ಹುರಿಯುವಾಗ ಹುಟ್ಟುವ ನೂರಾರು ಸಂಯುಕ್ತಗಳ ನಡುವೆ ನಾರ್‌ಹಾರ್ಮೇನ್, ಹಾರ್ಮೇನ್ ಎಂಬ ಎರಡು ಆಲ್ಕಲಾಯ್ಡ್‌ಗಳೂ ಇರುತ್ತವೆ. ಹುರಿದ ಮಾಂಸದಲ್ಲಿ, ಸಿಗರೇಟಿನ ಹೊಗೆಯಲ್ಲಿ, ಸೋಯಾ ಸಾಸ್‌ನಲ್ಲಿ ಇವೇ ಅಥವಾ ಇವುಗಳ ಬಳಗದವು ಸಿಗುತ್ತವೆ. ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲಕ್ಕೆ ಒಂದು ಆಲ್ಡಿಹೈಡ್ ಜೊತೆಯಾಗಿ, ಒಂದಿಷ್ಟು ಆಮ್ಲವೋ ಬಿಸಿಯೋ ಒದಗಿದರೆ ಬೀಟಾ-ಕಾರ್ಬೊಲಿನ್ ಚೌಕಟ್ಟು ತಾನಾಗಿ ಕೂಡಿಕೊಳ್ಳುತ್ತದೆ. ಇಷ್ಟು ಸಲೀಸಾಗಿ ಆಗುವ ಅಣುವಿಗಾಗಿ ರಸಾಯನಶಾಸ್ತ್ರಜ್ಞರು ನೂರು ವರ್ಷಕ್ಕೂ ಮಿಕ್ಕಿ ತಲೆ ಕೆಡಿಸಿಕೊಂಡಿದ್ದಾರೆ. ಪಲ್ಲಾಡಿಯಂ, ರುಥೇನಿಯಂ, ಚಿನ್ನದಂಥ ದುಬಾರಿ ಲೋಹಗಳನ್ನು ಸುರಿದಿದ್ದಾರೆ. ಗಿಡದ ಕಿಣ್ವವನ್ನು ಬೇರೆ ಜೀವಿಗಳಲ್ಲಿ ಬೆಳೆಸಿದ್ದಾರೆ. ಯಾವುದು ಸರಿಯಾದ ದಾರಿ ಎಂಬ ವಾದ ಇನ್ನೂ ಮುಗಿದಿಲ್ಲ.

ಬಾಣಲೆ ಕೊಡುವ ಅಣುವಿಗೂ ಔಷಧಕ್ಕೆ ಬೇಕಾದ ಅಣುವಿಗೂ ಇರುವ ಮುಖ್ಯ ವ್ಯತ್ಯಾಸ ಒಂದೇ ಒಂದು ಇಂಗಾಲದ ಜೋಡಣೆಯದು. ಆ ಇಂಗಾಲವೇ ಈ ಲೇಖನದ ವಸ್ತು.

ಮೂರು ಉಂಗುರಗಳ ಚೌಕಟ್ಟು

ಬೆಂಜೀನ್‌ನ ಆರು ಮೂಲೆಯ ಉಂಗುರ, ಅದಕ್ಕೆ ಅಂಟಿದ ಸಾರಜನಕವುಳ್ಳ ಐದು ಮೂಲೆಯ ಉಂಗುರ: ಇವೆರಡೂ ಸೇರಿ ಇಂಡೋಲ್. ಇಂಡೋಲ್‌ನ ಇನ್ನೊಂದು ಪಕ್ಕಕ್ಕೆ ಪಿರಿಡೀನ್‌ನ ಆರು ಮೂಲೆಯ ಉಂಗುರ ಕೂಡಿದರೆ ಕಾರ್ಬೊಲಿನ್. ಪಿರಿಡೀನ್‌ನ ಸಾರಜನಕ ಎಲ್ಲಿ ಕೂತಿದೆ ಎಂಬುದರ ಮೇಲೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂದು ನಾಲ್ಕು ಬಗೆ. ಸಸ್ಯಗಳಲ್ಲೂ ಔಷಧಗಳಲ್ಲೂ ಬೀಟಾದ್ದೇ ದೊಡ್ಡ ಸಂಸಾರ.

ಮೂರನೆಯ ಉಂಗುರ ಪೂರ್ತಿ ಆರೊಮ್ಯಾಟಿಕ್ ಆಗಿದ್ದರೆ ಅಣು ಚಪ್ಪಟೆ. ಹಾರ್ಮೀನ್, ಹಾರ್ಮೇನ್ ಇಂಥವು. ಅದೇ ಉಂಗುರದಲ್ಲಿ ನಾಲ್ಕು ಜಲಜನಕಗಳು ಹೆಚ್ಚಾಗಿ ಸೇರಿಕೊಂಡರೆ ಅದು ಟೆಟ್ರಾಹೈಡ್ರೊ-ಬೀಟಾ-ಕಾರ್ಬೊಲಿನ್. ಆಗ ಒಂದನೆಯ ಸ್ಥಾನದ ಇಂಗಾಲಕ್ಕೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಳ್ಳಬಹುದು; ಆ ಇಂಗಾಲಕ್ಕೆ ಎಡಗೈ-ಬಲಗೈಗಳಂತೆ ಒಂದರ ಮೇಲೊಂದು ಕೂರದ ಎರಡು ರೂಪಗಳು ಬರುತ್ತವೆ. ಸರ್ಪಗಂಧದ ರಿಸರ್ಪಿನ್, ಯೊಹಿಂಬೀನ್, ಅಜ್ಮಲಿಸಿನ್, ಮಾತ್ರೆಯಾಗಿ ಮಾರಾಟವಾಗುವ ಟಡಲಾಫಿಲ್ ಎಲ್ಲವೂ ಈ ಗುಂಪಿನವು. ಎರಡು ಕೈಗಳಲ್ಲಿ ಒಂದು ಮಾತ್ರ ದೇಹದ ಪ್ರೋಟೀನಿಗೆ ಸರಿಯಾಗಿ ಹೊಂದುತ್ತದೆ. ಬರಿಯ ಆಮ್ಲ ಹಾಕಿದರೆ ಎರಡೂ ಅರ್ಧರ್ಧ ಬರುತ್ತವೆ.

ಬೀಜದಿಂದ ಬಾಟಲಿಗೆ

ಕತೆ ಶುರುವಾಗುವುದು ಹರ್ಮಲ ಎಂಬ ಒಣಭೂಮಿಯ ಪೊದೆಯ ಬೀಜದಿಂದ. ಇರಾನಿನ ಮನೆಗಳಲ್ಲಿ ದೃಷ್ಟಿ ತೆಗೆಯಲು ಕೆಂಡದ ಮೇಲೆ ಉದುರಿಸುವ ಬೀಜವದು. 1841ರಲ್ಲಿ ಗೋಬೆಲ್ ಅದರಿಂದ ಹಾರ್ಮಲೀನ್ ತೆಗೆದ. ಆ ದಶಕ ಮುಗಿಯುವ ಮುನ್ನವೇ ಫ್ರಿಟ್ಸ್‌ಶೆ ಹಾರ್ಮೀನ್ ತೆಗೆದ. ಅವುಗಳ ಒಳರಚನೆ ಬಿಡಿಸಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ವಿಲಿಯಂ ಪರ್ಕಿನ್ ಜೂನಿಯರ್ ಮತ್ತು ರಾಬರ್ಟ್ ರಾಬಿನ್ಸನ್ 1919ರಲ್ಲಿ ಚೌಕಟ್ಟನ್ನು ಗುರುತಿಸಿ ಕಾರ್ಬೊಲಿನ್ ಎಂಬ ಹೆಸರಿಟ್ಟರು. 1927ರಲ್ಲಿ ಮ್ಯಾನ್ಸ್ಕೆಯೊಡನೆ ಸೇರಿ ಎರಡನ್ನೂ ಪ್ರಯೋಗಾಲಯದಲ್ಲೇ ಕಟ್ಟಿದರು. ಅದೇ ಹೊತ್ತಿಗೆ ಅಮೆಜಾನ್ ಕಾಡಿನ ಬಳ್ಳಿಯೊಂದರಿಂದ ತೆಗೆದು ಟೆಲಿಪಥೀನ್ ಎಂದು ಕರೆದಿದ್ದ ವಸ್ತು ಹಾರ್ಮೀನೇ ಎಂದು ಗೊತ್ತಾಯಿತು. ಹೆಸರಿಗೆ ತಕ್ಕ ಪವಾಡವೇನೂ ಅದರಲ್ಲಿರಲಿಲ್ಲ. ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುವ ಗುಣವಿತ್ತು, ಅದು ಬೆಳಕಿಗೆ ಬಂದದ್ದು 1950ರ ದಶಕದಲ್ಲಿ.

ಕಟ್ಟುವ ಉಪಾಯಗಳು ಇದಕ್ಕೂ ಮೊದಲೇ ಬಂದಿದ್ದವು, ಆದರೆ ಬೇರೆ ಅಣುಗಳಿಗಾಗಿ. 1893ರಲ್ಲಿ ಬಿಷ್ಲರ್ ಮತ್ತು ನೆಪಿರಾಲ್ಸ್ಕಿ ಅಮೈಡ್‌ನಿಂದ ನೀರು ಹಿಂಡಿ ಉಂಗುರ ಮುಚ್ಚುವ ಕ್ರಿಯೆ ಪ್ರಕಟಿಸಿದರು. 1911ರಲ್ಲಿ ಜಿನೀವಾದ ಆಮೆ ಪಿಕ್ಟೆ ಮತ್ತು ಥಿಯೊಡೋರ್ ಸ್ಪೆಂಗ್ಲರ್ ಅಮೈನ್ ಜೊತೆ ಫಾರ್ಮಾಲ್ಡಿಹೈಡ್‌ನ ಒಂದು ರೂಪವನ್ನು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕಾಯಿಸಿದರು. ಎರಡೂ ಜೋಡಿಗಳ ಗುರಿ ಐಸೊಕ್ವಿನೊಲಿನ್ ಎಂಬ ಬೇರೆ ಚೌಕಟ್ಟು. 1928ರಲ್ಲಿ ಜಪಾನಿನ ತತ್ಸುಯಿ ಪಿಕ್ಟೆ-ಸ್ಪೆಂಗ್ಲರ್ ಕ್ರಿಯೆಯನ್ನು ಇಂಡೋಲ್‌ಗೆ ಅಮೈನ್ ಸರಪಳಿ ಅಂಟಿದ ಟ್ರಿಪ್ಟಮೈನ್‌ಗೆ ಹಚ್ಚಿದ. ಇಂದು ಈ ಕ್ರಿಯೆಯ ಹೆಸರು ಕೇಳಿಬರುವುದು ಇಂಡೋಲ್‌ಗಳ ಜೊತೆಗೇ ಹೆಚ್ಚು.

ಭಾರತದ ಪಾಲು ಸರ್ಪಗಂಧದ ಮೂಲಕ ಬಂತು. ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಈ ಗಿಡದ ಬೇರಿನಿಂದ ಸಲೀಮುಝ್ಝಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ 1931ರಲ್ಲಿ ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ರಕ್ತದೊತ್ತಡದ ರೋಗಿಗಳ ಮೇಲಿನ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತು ತಿರುಗಿ ನೋಡಿತು. ಬಾಸೆಲ್‌ನ ಸೀಬಾ ಕಂಪನಿ 1952ರಲ್ಲಿ ರಿಸರ್ಪಿನ್ ಪ್ರತ್ಯೇಕಿಸಿತು.

ಆ ರಿಸರ್ಪಿನ್‌ ಅನ್ನು ರಾಬರ್ಟ್ ವುಡ್‌ವರ್ಡ್ 1956ರಲ್ಲಿ ಕಟ್ಟಿದಾಗ ನಮ್ಮ ಇಂಗಾಲ ಮೊದಲ ಬಾರಿ ಹಟ ಹಿಡಿಯಿತು. ಬಿಷ್ಲರ್-ನೆಪಿರಾಲ್ಸ್ಕಿ ದಾರಿಯಲ್ಲಿ ಉಂಗುರ ಮುಚ್ಚಿ, ಸೋಡಿಯಂ ಬೊರೊಹೈಡ್ರೈಡ್‌ನಿಂದ ಅಪಕರ್ಷಿಸಿದರೆ ಜಲಜನಕ ತಪ್ಪು ಬದಿಯಿಂದ ಬಂದು ಕೂತಿತು. ರಿಸರ್ಪಿನ್‌ನ ಎಣಿಕೆಯಲ್ಲಿ ಅದು ಮೂರನೆಯ ಇಂಗಾಲ. ಬೀಟಾ-ಕಾರ್ಬೊಲಿನ್ ಎಣಿಕೆಯಲ್ಲಿ ಒಂದನೆಯದು. ಅಣುವಿನ ಇನ್ನೊಂದು ತುದಿಯಲ್ಲಿ ಲ್ಯಾಕ್ಟೋನ್ ಉಂಗುರವೊಂದನ್ನು ಬಿಗಿದು, ಇಡೀ ಅಣುವನ್ನು ಅನಾನುಕೂಲ ಭಂಗಿಗೆ ತಳ್ಳಿ, ಪಿವಾಲಿಕ್ ಆಮ್ಲದಲ್ಲಿ ಕಾಯಿಸಿದ ಮೇಲೆಯೇ ಆ ಇಂಗಾಲ ಮಗುಚಿಕೊಂಡಿತು. ವುಡ್‌ವರ್ಡ್‌ನ ಚಾತುರ್ಯಕ್ಕೆ ಈ ಹಂತವನ್ನು ಇವತ್ತೂ ಉದಾಹರಣೆ ಕೊಡುತ್ತಾರೆ. ಆದರೆ ಪ್ರತಿ ಹೊಸ ಅಣುವಿಗೂ ಇಂಥದೊಂದು ಚಾತುರ್ಯ ಬೇಕೆಂದರೆ ಅದು ವಿಧಾನವಾಗುವುದಿಲ್ಲ.

ಆಮ್ಲವೇ ಸಾಕೆಂಬವರು

ಪಿಕ್ಟೆ-ಸ್ಪೆಂಗ್ಲರ್ ಕ್ರಿಯೆಯನ್ನು ಹತ್ತಿರದಿಂದ ನೋಡಿದರೆ ಮುಂದಿನ ಪಂಥಗಳೆಲ್ಲ ಎಲ್ಲಿ ಕೈ ಹಾಕಿದವೆಂದು ತಿಳಿಯುತ್ತದೆ. ಟ್ರಿಪ್ಟಮೈನ್‌ನ ಅಮೈನ್ ತುದಿ ಆಲ್ಡಿಹೈಡ್‌ಗೆ ಸೇರುತ್ತದೆ, ನೀರಿನ ಒಂದು ಅಣು ಹೊರಬೀಳುತ್ತದೆ, ಇಮೀನ್ ಉಳಿಯುತ್ತದೆ. ಆಮ್ಲದ ಪ್ರೋಟಾನ್ ಇಮೀನ್‌ನ ಸಾರಜನಕಕ್ಕೆ ಹತ್ತಿದಾಗ ಪಕ್ಕದ ಇಂಗಾಲಕ್ಕೆ ಎಲೆಕ್ಟ್ರಾನ್ ಕೊರತೆಯಾಗುತ್ತದೆ. ಇಂಡೋಲ್‌ನಲ್ಲಿ ಎಲೆಕ್ಟ್ರಾನ್ ಧಾರಾಳ. ಅದು ಆ ಇಂಗಾಲದ ಮೇಲೆ ಎರಗಿ ಬಂಧ ಕಟ್ಟುತ್ತದೆ, ಉಂಗುರ ಮುಚ್ಚುತ್ತದೆ. ಕಡೆಗೆ ಇಂಡೋಲ್‌ನ ಎರಡನೆಯ ಇಂಗಾಲದ ಮೇಲಿದ್ದ ಜಲಜನಕ ಪ್ರೋಟಾನಾಗಿ ಬಿಟ್ಟುಹೋಗಿ ಆಮ್ಲ ಮತ್ತೆ ದಕ್ಕುತ್ತದೆ. ಆದ್ದರಿಂದ ಇಲ್ಲಿ ಆಮ್ಲ ನಿಜಕ್ಕೂ ಕ್ರಿಯಾವರ್ಧಕವೇ. ಇಂಡೋಲ್ ಎರಗುವುದು ಮೇಲಿನ ಬದಿಯಿಂದಲೋ ಕೆಳಗಿನ ಬದಿಯಿಂದಲೋ ಎಂಬುದನ್ನು ಮಾತ್ರ ಬರಿಯ ಪ್ರೋಟಾನ್ ಹೇಳಲಾರದು.

ಆಮ್ಲದ ಪಂಥದವರ ಪರಿಹಾರ ಸರಳ: ಕೈಯನ್ನು ಆರಂಭದ ವಸ್ತುವಿನಲ್ಲೇ ಇಟ್ಟುಬಿಡಿ. ಟ್ರಿಪ್ಟಮೈನ್ ಬದಲು ಟ್ರಿಪ್ಟೊಫಾನ್ ಹಿಡಿದರೆ ಮೂರನೆಯ ಸ್ಥಾನದ ಇಂಗಾಲ ಆಗಲೇ ಒಂದು ಕೈಯದು. ಅದು ಒಂದನೆಯದನ್ನು ತನ್ನ ಕಡೆಗೆ ಒಲಿಸುತ್ತದೆ. ಅಮೆರಿಕದ ಜೇಮ್ಸ್ ಕುಕ್ ತಂಡ ಸಾರಜನಕದ ಮೇಲೆ ಬೆಂಜಿಲ್ ಗುಂಪಿಟ್ಟು ಒಂದನೆಯ, ಮೂರನೆಯ ಇಂಗಾಲಗಳ ಗುಂಪುಗಳು ಎದುರುಬದಿಗಿರುವ ಟ್ರಾನ್ಸ್ ರೂಪವೊಂದೇ ಬರುವಂತೆ ಮಾಡಿ ಹತ್ತಾರು ಆಲ್ಕಲಾಯ್ಡ್ ಕಟ್ಟಿತು.

ಈ ಪಂಥದ ನಿಜವಾದ ಗೆಲುವು ಟಡಲಾಫಿಲ್. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಕ್ಕೆ ಒಂದನೆಯ ಮತ್ತು ಮೂರನೆಯ ಇಂಗಾಲಗಳ ಮೇಲಿನ ಗುಂಪುಗಳು ಒಂದೇ ಬದಿಗಿರಬೇಕು, ಅಂದರೆ ಸಿಸ್ ರೂಪ. ಡಿ-ಟ್ರಿಪ್ಟೊಫಾನ್ ಮಿಥೈಲ್ ಎಸ್ಟರ್‌ನ ಹೈಡ್ರೊಕ್ಲೋರೈಡ್ ಲವಣ ಮತ್ತು ಪಿಪೆರೊನಾಲ್ ಎಂಬ ಆಲ್ಡಿಹೈಡ್ ಎರಡನ್ನೂ ಐಸೊಪ್ರೊಪನಾಲ್‌ನಂಥ ದ್ರಾವಕದಲ್ಲಿ ಕುದಿಸುತ್ತಾರೆ. ಸಿಸ್, ಟ್ರಾನ್ಸ್ ಎರಡೂ ಹುಟ್ಟುತ್ತವೆ. ಸಿಸ್ ರೂಪದ ಲವಣ ಆ ದ್ರಾವಕದಲ್ಲಿ ಕರಗದೆ ಬಿಳಿ ಹರಳಾಗಿ ತಳ ಸೇರುತ್ತದೆ. ದ್ರಾವಣದಲ್ಲಿ ಉಳಿದ ಟ್ರಾನ್ಸ್ ಬಿಸಿ ಆಮ್ಲದಲ್ಲಿ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡಾಗ ಸಿಸ್ ಆದಷ್ಟೂ ಹರಳಾಗಿ ಹೊರಬೀಳುತ್ತದೆ. ಗಂಟೆಗಳು ಕಳೆದಂತೆ ಬಹುಪಾಲು ಎಲ್ಲವೂ ಸಿಸ್. ಶೇ. 90ಕ್ಕೂ ಮಿಗಿಲಾದ ಇಳುವರಿಗಳು ಪ್ರಕಟವಾಗಿವೆ. ಸೋಸಿ, ತೊಳೆದು, ಮುಂದಿನ ಹಂತಕ್ಕೆ ಹೋಗಬಹುದು. ವಿಶೇಷ ಕ್ರಿಯಾವರ್ಧಕವಿಲ್ಲ, ಕ್ರೊಮಟೊಗ್ರಫಿಯಿಲ್ಲ.

ಈ ಉದಾಹರಣೆ ಮುಂದಿನ ಎಲ್ಲ ಪಂಥಗಳಿಗೂ ಮುಜುಗರದ್ದು. ಅವುಗಳ ಸಮರ್ಥನೆಯೂ ಇದೆ. ಡಿ-ಟ್ರಿಪ್ಟೊಫಾನ್ ಪ್ರಕೃತಿ ಹೇರಳವಾಗಿ ಕೊಡುವ ರೂಪವಲ್ಲ. ಅದಕ್ಕೆ ಬೇರೆಯಾಗಿ ಬೆಲೆ ತೆರಬೇಕು. ಹರಳಿನ ಅದೃಷ್ಟ ಪ್ರತಿ ಅಣುವಿಗೂ ಇರುವುದಿಲ್ಲ. ಮೂರನೆಯ ಸ್ಥಾನದಲ್ಲಿ ಏನೂ ಇರಬಾರದ ಅಣುಗಳಿಗೆ, ಅಂದರೆ ಟ್ರಿಪ್ಟಮೈನ್‌ನಿಂದ ಬರುವ ದೊಡ್ಡ ಗುಂಪಿಗೆ, ಟ್ರಿಪ್ಟೊಫಾನ್ ಹಿಡಿದರೆ ಹೆಚ್ಚುವರಿ ಗುಂಪನ್ನು ಆಮೇಲೆ ಕೀಳಬೇಕು.

ಮೊದಲು ಮುಚ್ಚಿ, ಆಮೇಲೆ ಕೈ ಆರಿಸಿ

ವುಡ್‌ವರ್ಡ್‌ಗೆ ತೊಂದರೆ ಕೊಟ್ಟ ಅಪಕರ್ಷಣದ ಹಂತವನ್ನೇ ಕ್ರಿಯಾವರ್ಧಕದ ಕೈಗೆ ಕೊಟ್ಟವರು ಜಪಾನಿನ ರ‍್ಯೋಜಿ ನೊಯೊರಿ ತಂಡದವರು. 1996ರಲ್ಲಿ ಅವರು ರುಥೇನಿಯಂಗೆ ಒಂದು ಕೈಯ ಡೈಅಮೈನ್ ತೊಡಿಸಿ, ಫಾರ್ಮಿಕ್ ಆಮ್ಲ ಮತ್ತು ಟ್ರೈಇಥೈಲಮೈನ್ ಮಿಶ್ರಣವನ್ನು ಜಲಜನಕದ ಮೂಲವಾಗಿ ಬಳಸಿ ಉಂಗುರದೊಳಗಿನ ಇಮೀನ್‌ಗಳನ್ನು ಅಪಕರ್ಷಿಸಿದರು. ಡೈಹೈಡ್ರೊ-ಬೀಟಾ-ಕಾರ್ಬೊಲಿನ್‌ಗಳೂ ಆ ಪಟ್ಟಿಯಲ್ಲಿದ್ದವು. ಒಂದು ಕೈಯ ಆಧಿಕ್ಯ ಶೇ. 95 ದಾಟಿತ್ತು. ಹೆಚ್ಚಿನ ಒತ್ತಡದ ಜಲಜನಕದ ಸಿಲಿಂಡರ್ ಬೇಡ, ಸಾಮಾನ್ಯ ಉಷ್ಣತೆಯಲ್ಲಿ ನಡೆಯುತ್ತದೆ. ಕೆಲಸ ಬಲ್ಲ ಯಾವ ವಿದ್ಯಾರ್ಥಿಯೂ ಮಾಡಬಹುದಾದ ಕ್ರಿಯೆ. ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ಅತ್ಯಂತ ನೆಚ್ಚಬಹುದಾದದ್ದು ಇದೇ. ಆದರೆ ಇಮೀನ್ ತಲುಪಲು ಮೊದಲು ಅಮೈಡ್ ಮಾಡಬೇಕು, ಫಾಸ್ಫರಸ್ ಆಕ್ಸಿಕ್ಲೋರೈಡ್‌ನಂಥ ಕಟು ವಸ್ತುವಿನಿಂದ ಉಂಗುರ ಮುಚ್ಚಬೇಕು. ಅದು 1893ರ ಹೊರೆ. ಅದನ್ನು ನೊಯೊರಿ ಇಳಿಸಲಿಲ್ಲ. ಅಲ್ಲದೆ ಒಂದನೆಯ ಇಂಗಾಲದ ಮೇಲೆ ಜಲಜನಕವೇ ಇಲ್ಲದ ಅಣುಗಳಿಗೆ ಈ ದಾರಿ ಮುಚ್ಚಿದೆ.

ಲೋಹ ಬೇಡವೆಂದವರು

2004ರಲ್ಲಿ ಹಾರ್ವರ್ಡ್‌ನ ಎರಿಕ್ ಜೇಕಬ್‌ಸನ್ ಮತ್ತು ಮಾರ್ಕ್ ಟೇಲರ್ ಉಂಗುರ ಮುಚ್ಚುವ ಹಂತದಲ್ಲೇ ಕೈ ಆರಿಸುವ ಕ್ರಿಯಾವರ್ಧಕ ಪ್ರಕಟಿಸಿದರು. ಅದು ಲೋಹವೂ ಅಲ್ಲ, ಬಲವಾದ ಆಮ್ಲವೂ ಅಲ್ಲ. ಎರಡು ಜಲಜನಕ ಬಂಧಗಳ ಬಲದಿಂದ ಹಿಡಿಯುವ ಥಯೊಯೂರಿಯಾ. ಇಮೀನ್‌ನ ಸಾರಜನಕಕ್ಕೆ ಅಸಿಟೈಲ್ ಕ್ಲೋರೈಡ್ ಹಚ್ಚಿ ಅದನ್ನು ಹೆಚ್ಚು ಚುರುಕುಗೊಳಿಸಿ, ಮೈನಸ್ 78 ಡಿಗ್ರಿಯಿಂದ ಶುರುಮಾಡಿ ಉಷ್ಣತೆಯನ್ನು ನಿಧಾನವಾಗಿ ಏರಿಸಿದರು. ಕ್ರಿಯಾವರ್ಧಕ ಹಿಡಿಯುವುದು ಇಮೀನ್ ಅನ್ನಲ್ಲ, ಅದರ ಜೊತೆ ಅಲೆಯುವ ಕ್ಲೋರೈಡ್ ಅಯಾನನ್ನು ಎಂಬ ವಿವರಣೆ 2007ರ ಹೊತ್ತಿಗೆ ಗಟ್ಟಿಯಾಯಿತು. ಋಣ ಅಯಾನನ್ನು ಒಂದು ಕೈಯ ಅಣು ಬಿಗಿಹಿಡಿದರೆ, ಅದರ ಜೋಡಿಯಾದ ಧನ ಅಯಾನೂ ಆ ಪ್ರಭಾವಕ್ಕೆ ಬರುತ್ತದೆ. ಈ ಕಲ್ಪನೆ ಬೀಟಾ-ಕಾರ್ಬೊಲಿನ್ ಕ್ಷೇತ್ರ ದಾಟಿ ಬಹಳ ದೂರ ಹೋಯಿತು. ಇದೇ ವಿಧಾನದಿಂದ ಹಾರ್ಮಿಸಿನ್ ಎಂಬ ಆಲ್ಕಲಾಯ್ಡ್ 2007ರಲ್ಲಿ, ಯೊಹಿಂಬೀನ್ 2008ರಲ್ಲಿ ಸಿದ್ಧವಾದವು.

ಅತ್ತ ಜರ್ಮನಿಯಲ್ಲಿ ಬೆಂಜಮಿನ್ ಲಿಸ್ಟ್ ತಂಡ 2006ರಲ್ಲಿ ಬೇರೆ ದಾರಿ ಹಿಡಿಯಿತು. ಪ್ರೋಟಾನ್ ಕೊಡುವ ಆಮ್ಲವನ್ನೇ ಒಂದು ಕೈಯದಾಗಿ ಮಾಡಿದರೆ ಹೇಗೆ? ಬೈನಾಫ್ಥಾಲ್‌ನಿಂದ ಮಾಡಿದ ಫಾಸ್ಫಾರಿಕ್ ಆಮ್ಲ ಆ ಕೆಲಸ ಮಾಡಿತು. ಆದರೆ ಟ್ರಿಪ್ಟಮೈನ್‌ನ ಸರಪಳಿಯ ಒಂದೇ ಇಂಗಾಲದ ಮೇಲೆ ಎರಡು ಎಸ್ಟರ್ ಗುಂಪುಗಳು ಇರಲೇಬೇಕಿತ್ತು. ಇಲ್ಲದಿದ್ದರೆ ಆಲ್ಡಿಹೈಡ್ ಬೇರೆ ಕ್ರಿಯೆಗಳತ್ತ ಜಾರುತ್ತಿತ್ತು. ಮರುವರ್ಷ ಹಾಲೆಂಡಿನ ಹೀಮ್‌ಸ್ಟ್ರಾ, ಫಾನ್ ಮಾರ್ಸೆವೇನ್ ಎಸ್ಟರ್‌ಗಳನ್ನು ಬಿಟ್ಟು ಸಾರಜನಕದ ಮೇಲೆ ಗಂಧಕದ ತಾತ್ಕಾಲಿಕ ಗುಂಪಿಟ್ಟರು. ಎರಡರಲ್ಲೂ ಒಂದು ಊರುಗೋಲು ಉಳಿಯಿತು.

ಊರುಗೋಲು ಬಿದ್ದದ್ದು 2009ರಲ್ಲಿ. ರೆಬೆಕಾ ಕ್ಲೌಸೆನ್ ಮತ್ತು ಜೇಕಬ್‌ಸನ್ ಥಯೊಯೂರಿಯಾಕ್ಕೆ ಬೆಂಜೋಯಿಕ್ ಆಮ್ಲವನ್ನು ಜೊತೆ ಮಾಡಿದರು. ಬರಿಯ ಟ್ರಿಪ್ಟಮೈನ್, ಬರಿಯ ಆಲ್ಡಿಹೈಡ್, ಸಾಮಾನ್ಯ ಉಷ್ಣತೆ. ಉಪ್ಪಿನಕಾಯಿಗೆ ಹಾಕುವ ಸಂರಕ್ಷಕದ ಆಮ್ಲ ರೂಪ ಅತಿ ನಾಜೂಕಿನ ಕೃತಕ ಅಣುವಿನ ಪಕ್ಕ ನಿಂತು ಕೆಲಸ ಮಾಡಿದ್ದು ನೋಡಿದರೆ ಖುಷಿಯಾಗುತ್ತದೆ. 2021ರಲ್ಲಿ ಲಿಸ್ಟ್‌ಗೆ ಡೇವಿಡ್ ಮ್ಯಾಕ್‌ಮಿಲನ್ ಜೊತೆ ನೊಬೆಲ್ ಬಂದದ್ದು ಇಂಥ ಸಾವಯವ ಕ್ರಿಯಾವರ್ಧಕಗಳಿಗಾಗಿಯೇ.

ಖುಷಿಗೆ ಲೆಕ್ಕದ ಅಂಕುಶವೂ ಬೇಕು. ಈ ಕ್ರಿಯೆಗಳಲ್ಲಿ ಕ್ರಿಯಾವರ್ಧಕದ ಪ್ರಮಾಣ ಹಲವು ಬಾರಿ 10ರಿಂದ 20 ಮೋಲ್ ಶೇಕಡಾ. ಐದು ಆರಂಭಿಕ ಅಣುಗಳಿಗೆ ಒಂದು ಕ್ರಿಯಾವರ್ಧಕದ ಅಣು ಎಂದರೆ, ಮತ್ತು ಆ ಅಣುವಿನ ತೂಕ ಟ್ರಿಪ್ಟಮೈನ್‌ನ ಎರಡು ಮೂರು ಪಟ್ಟು ಎಂದರೆ, ಫ್ಲಾಸ್ಕಿನೊಳಗೆ ಕ್ರಿಯಾವರ್ಧಕದ ತೂಕ ಟ್ರಿಪ್ಟಮೈನ್‌ನ ಅರ್ಧದಷ್ಟಾಗುತ್ತದೆ ಎಂಬುದು ತಮಾಷೆಯಲ್ಲ.

ಸರ್ಪಗಂಧದ ಕಿಣ್ವ

ಗಿಡಕ್ಕೆ ಈ ಚಿಂತೆಯಿಲ್ಲ. ಸರ್ಪಗಂಧದ, ನಿತ್ಯಪುಷ್ಪದ ಜೀವಕೋಶಗಳಲ್ಲಿ ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಎಂಬ ಕಿಣ್ವ ಟ್ರಿಪ್ಟಮೈನ್ ಮತ್ತು ಸೆಕೊಲೊಗನಿನ್ ಎಂಬ ಆಲ್ಡಿಹೈಡನ್ನು ಕೂಡಿಸಿ ಒಂದೇ ಕೈಯ ಸ್ಟ್ರಿಕ್ಟೊಸಿಡಿನ್ ಕೊಡುತ್ತದೆ. ಅಲ್ಲಿಂದ ಮುಂದೆ ಎರಡು ಸಾವಿರದಷ್ಟು ಆಲ್ಕಲಾಯ್ಡ್‌ಗಳು ಕವಲೊಡೆಯುತ್ತವೆ: ರಿಸರ್ಪಿನ್, ಅಜ್ಮಲಿಸಿನ್, ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್. ಸರ್ಪಗಂಧದ ಈ ಕಿಣ್ವದ ಜೀನ್ 1988ರಲ್ಲಿ ಕೈಗೆ ಸಿಕ್ಕಿತು. ಸ್ಫಟಿಕ ರಚನೆ 2006ರಲ್ಲಿ ಬಂತು. ಆರು ಅಲಗಿನ ಪ್ರೊಪೆಲರ್ ಆಕಾರದ ಪ್ರೋಟೀನಿನ ನಡುವಿನ ಗೂಡಿನಲ್ಲಿ 309ನೆಯ ಸ್ಥಾನದ ಗ್ಲುಟಾಮೇಟ್ ಪ್ರೋಟಾನ್ ವ್ಯವಹಾರ ನೋಡಿಕೊಳ್ಳುತ್ತದೆ. ಜೇಕಬ್‌ಸನ್ ಪಕ್ಕಕ್ಕೆ ತಂದ ಬೆಂಜೋಯಿಕ್ ಆಮ್ಲವೂ ಇದೇ ಜಾತಿಯ ಕಾರ್ಬಾಕ್ಸಿಲಿಕ್ ಆಮ್ಲ.

ಕಿಣ್ವದವರ ಎದುರಾಳಿಗಳು ಯಾವಾಗಲೂ ಹೇಳುವುದು ಒಂದೇ: ನಿಮ್ಮ ಕಿಣ್ವಕ್ಕೆ ಅದರ ಆಲ್ಡಿಹೈಡ್ ಬಿಟ್ಟು ಬೇರೆಯದು ರುಚಿಸುವುದಿಲ್ಲ. 2018ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ವೂಲ್ಫ್‌ಗಾಂಗ್ ಕ್ರೌಟಿಲ್ ತಂಡ ಚಿಕ್ಕ ಆಲ್ಡಿಹೈಡ್‌ಗಳನ್ನು ಅದೇ ಕಿಣ್ವಕ್ಕೆ ಉಣಿಸಿತು. ಕಿಣ್ವ ಉಂಡಿತು. ಆದರೆ ಬಂದದ್ದು ವಿರುದ್ಧ ಕೈ! ಸೆಕೊಲೊಗನಿನ್ ಜೊತೆ ಎಸ್ ರೂಪ ಕೊಡುವ ಗೂಡು, ಚಿಕ್ಕ ಆಲ್ಡಿಹೈಡ್ ಜೊತೆ ಆರ್ ರೂಪ ಕೊಟ್ಟಿತು. ಕಿಣ್ವದ ನಿಖರತೆ ಎಂಬುದು ಕಿಣ್ವದ್ದಷ್ಟೇ ಅಲ್ಲ, ಅತಿಥಿ ಹೇಗೆ ಕೂರುತ್ತದೆ ಎಂಬುದರದ್ದೂ ಹೌದು.

ಸಮುದ್ರದ ಬ್ಯಾಕ್ಟೀರಿಯಾವೊಂದರಿಂದ 2013ರಲ್ಲಿ ಗುರುತಿಸಿದ ಮೆಕ್‌ಬಿಬಿ ಎಂಬ ಕಿಣ್ವದ್ದು ಇನ್ನೊಂದು ಬಗೆ. ಅದು ಉಂಗುರ ಮುಚ್ಚಿ, ಕಾರ್ಬಾಕ್ಸಿಲ್ ಕಳಚಿ, ಆರೊಮ್ಯಾಟಿಕ್ ಮಾಡಿ ಚಪ್ಪಟೆ ಬೀಟಾ-ಕಾರ್ಬೊಲಿನ್ ಹೊರಗಿಡುತ್ತದೆ. ಮೂರು ಕೆಲಸ, ಒಂದು ಪ್ರೋಟೀನ್.

ಮ್ಯಾಂಚೆಸ್ಟರಿನ ನಿಕೊಲಸ್ ಟರ್ನರ್ ತಂಡದ ಉಪಾಯ ನನಗೆ ವಿಶೇಷ ಇಷ್ಟ. ಆಸ್ಪರ್ಜಿಲ್ಲಸ್ ನೈಗರ್ ಶಿಲೀಂಧ್ರದ ಮೊನೊಅಮೈನ್ ಆಕ್ಸಿಡೇಸನ್ನು ಮಾರ್ಪಡಿಸಿ, ಎರಡೂ ಕೈ ಬೆರೆತ ಟೆಟ್ರಾಹೈಡ್ರೊ-ಬೀಟಾ-ಕಾರ್ಬೊಲಿನ್‌ಗೆ ಹಾಕುತ್ತಾರೆ. ಕಿಣ್ವ ಒಂದು ಕೈಯನ್ನು ಮಾತ್ರ ಇಮೀನ್‌ಗೆ ಉತ್ಕರ್ಷಿಸುತ್ತದೆ. ಜೊತೆಗಿರುವ ಅಮೋನಿಯಾ-ಬೊರೇನ್ ಇಮೀನನ್ನು ಮತ್ತೆ ಎರಡೂ ಕೈಗಳಾಗಿ ಅಪಕರ್ಷಿಸುತ್ತದೆ. ಸುತ್ತು ಸುತ್ತಿದಂತೆ ಕಿಣ್ವ ಮುಟ್ಟದ ಕೈ ಮಾತ್ರ ಶೇಖರವಾಗುತ್ತದೆ. ಹಾರ್ಮೀನ್ ಯಾವ ಬಗೆಯ ಕಿಣ್ವವನ್ನು ಕೆಲಸಗೆಡಿಸುತ್ತದೋ, ಅದೇ ಬಗೆಯ ಕಿಣ್ವ ಹಾರ್ಮೀನ್‌ನ ನೆಂಟರನ್ನು ತಯಾರಿಸುತ್ತಿದೆ.

2022ರಲ್ಲಿ ಜೇ ಕೀಸ್ಲಿಂಗ್ ತಂಡ ಯೀಸ್ಟ್‌ನೊಳಗೆ ಸ್ಟ್ರಿಕ್ಟೊಸಿಡಿನ್ ದಾಟಿ ವಿನ್‌ಬ್ಲಾಸ್ಟಿನ್‌ನ ಎರಡು ಅರ್ಧಗಳವರೆಗೂ ಮಾಡಿಸಿತು. ಸಿಕ್ಕ ಪ್ರಮಾಣ ಅತ್ಯಲ್ಪ. ಕಾಡಿನ ಸರ್ಪಗಂಧ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದಲ್ಲಿರುವ, ಸೈಟಿಸ್ ಎರಡನೆಯ ಅನುಬಂಧದ ಗಿಡ ಎಂಬುದನ್ನು ನೆನೆದರೆ ಈ ಪ್ರಯತ್ನದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು.

ಲೋಹದವರ ವಾದ

ಇಲ್ಲಿಯವರೆಗೆ ಎಲ್ಲರೂ ಒಂದೇ ಬಂಧವನ್ನು ಕಟ್ಟುತ್ತಿದ್ದರು. ಲೋಹದವರು ಅಣುವನ್ನು ಬೇರೆ ಕಡೆ ಕತ್ತರಿಸಿ ನೋಡಿದರು. ಡೇಲ್ ಬೋಗರ್ 1984ರಲ್ಲಿ ಲ್ಯಾವೆಂಡಮೈಸಿನ್ ಎಂಬ ಪ್ರತಿಜೈವಿಕಕ್ಕಾಗಿ ಪಿರಿಡೀನ್ ಮತ್ತು ಬೆಂಜೀನ್ ಉಂಗುರಗಳನ್ನು ಮೊದಲೇ ಜೋಡಿಸಿಟ್ಟು, ನಡುವಿನ ಐದು ಮೂಲೆಯ ಉಂಗುರವನ್ನು ಕೊನೆಗೆ ಪಲ್ಲಾಡಿಯಂನಿಂದ ಮುಚ್ಚಿದ. ಅಂದು ಪಲ್ಲಾಡಿಯಂ ಬೇಕಾದದ್ದು ಕ್ರಿಯಾವರ್ಧಕದ ಚಿಟಿಕೆಯಷ್ಟಲ್ಲ. ಆರಂಭದ ವಸ್ತುವಿಗೆ ಸಮನಾದ ಮೋಲ್‌ಗಿಂತ ಹೆಚ್ಚು. ಹತ್ತು ವರ್ಷ ಕಳೆದ ಮೇಲೆ ಬುಕ್‌ವಾಲ್ಡ್, ಹಾರ್ಟ್‌ವಿಗ್ ಸರಿಯಾದ ಫಾಸ್ಫೀನ್ ಮತ್ತು ಪ್ರತ್ಯಾಮ್ಲ ಹುಡುಕಿ ಇಂಥ ಇಂಗಾಲ-ಸಾರಜನಕ ಬಂಧಗಳನ್ನು ನಿಜವಾದ ಕ್ರಿಯಾವರ್ಧಕದ ಕೆಲಸವಾಗಿಸಿದರು.

2001ರಲ್ಲಿ ರಿಚರ್ಡ್ ಲಾರಾಕ್ ಅಯೊಡೊಇಂಡೋಲ್‌ನ ಇಮೀನ್ ಮತ್ತು ಆಲ್ಕೈನನ್ನು ಪಲ್ಲಾಡಿಯಂನಿಂದ ಹೊಲಿದು ಬೀಟಾ, ಗಾಮಾ ಎರಡೂ ಕಾರ್ಬೊಲಿನ್ ಮಾಡಿದ. 2011ರಲ್ಲಿ ಯುರೋಪಿನ ತಂಡಗಳು ರೋಡಿಯಂ, ರುಥೇನಿಯಂ ಬಳಸಿ ಎರಡು ಆಲ್ಕೈನ್ ಮತ್ತು ಒಂದು ನೈಟ್ರೈಲ್ ಒಮ್ಮೆಗೇ ಕೂಡಿ ಪಿರಿಡೀನ್ ಉಂಗುರ ಆಗುವಂತೆ ಮಾಡಿದವು. ಲ್ಯಾವೆಂಡಮೈಸಿನ್ ಮತ್ತೊಮ್ಮೆ ಆ ದಾರಿಯಲ್ಲಿ ತಯಾರಾಯಿತು. ಇವುಗಳ ಲಾಭ ಸ್ಪಷ್ಟ. ಟ್ರಿಪ್ಟಮೈನ್‌ನಿಂದ ಹೊರಟರೆ ಕೈಗೆಟುಕದ ಮೂರನೆಯ, ನಾಲ್ಕನೆಯ ಸ್ಥಾನಗಳಲ್ಲಿ ಬೇಕಾದ ಗುಂಪು ಇಡಬಹುದು. ಚಪ್ಪಟೆ ಅಣು ನೇರವಾಗಿ ಸಿಗುತ್ತದೆ. ಕೈಯ ಪ್ರಶ್ನೆಯಲ್ಲಿ ಮಾತ್ರ, ಇಟಲಿಯ ಬಂದಿನಿ ತಂಡದ 2006ರ ಪಲ್ಲಾಡಿಯಂ ಅಲೈಲೀಕರಣ, ಚೀನಾದ ಯೂ ಶುಲಿ ತಂಡದ ಇರಿಡಿಯಂ ಕೆಲಸ ಬಿಟ್ಟರೆ, ಲೋಹದವರು ಸಾವಯವದವರಿಗೆ ಸರಿಸಾಟಿಯಾಗಿಲ್ಲ ಎಂದು ನನ್ನ ಎಣಿಕೆ. ಔಷಧ ಮಾಡುವವರಿಗೆ ಇನ್ನೊಂದು ಗೋಡೆಯಿದೆ: ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧದಿಂದ ದಿನಕ್ಕೆ 100 ಮೈಕ್ರೊಗ್ರಾಂಗಿಂತ ಹೆಚ್ಚು ಪಲ್ಲಾಡಿಯಂ ದೇಹಕ್ಕೆ ಹೋಗಬಾರದೆಂಬ ಐಸಿಎಚ್ ಎಂಬ ಅಂತರರಾಷ್ಟ್ರೀಯ ಔಷಧ ಮಾನದಂಡ ಸಂಸ್ಥೆಯ ಮಿತಿ.

ಕಟ್ಟಿದ ಮೇಲೆ ತಿದ್ದುವುದು

ಟೆಟ್ರಾಹೈಡ್ರೊ ರೂಪವನ್ನು ಚಪ್ಪಟೆ ಮಾಡುವುದು ಅತಿ ಹಳೆಯ ತಿದ್ದುಪಡಿ. ಇದ್ದಿಲಿನ ಮೇಲಿನ ಪಲ್ಲಾಡಿಯಂ ಜೊತೆ ಝೈಲೀನ್‌ನಲ್ಲಿ ಕುದಿಸುವುದು, ಪೊಟ್ಯಾಸಿಯಂ ಪರ್ಮಾಂಗನೇಟ್, ಮ್ಯಾಂಗನೀಸ್ ಡೈಆಕ್ಸೈಡ್, ಡಿಡಿಕ್ಯೂ ಹೀಗೆ ಪಟ್ಟಿ ಉದ್ದ. ಈಚೆಗೆ ತಾಮ್ರ ಮತ್ತು ಗಾಳಿಯ ಆಮ್ಲಜನಕ, ಅಥವಾ ಅಯೋಡಿನ್ ಮತ್ತು ಡಿಎಂಎಸ್ಒ ಜನಪ್ರಿಯ. ಕ್ರಿಯಾವರ್ಧಕ ವಿಧಾನವೆಂದು ಹಣೆಪಟ್ಟಿ ಹಚ್ಚಿಕೊಂಡ ಕೆಲವು ಲೇಖನಗಳಲ್ಲಿ ಉತ್ಕರ್ಷಕ ಮಾತ್ರ ಎರಡು ಮೂರು ಪಟ್ಟು ಸುರಿದಿರುತ್ತಾರೆ. ಹಣೆಪಟ್ಟಿ ನೋಡಿ ಮರುಳಾಗಬಾರದು.

ಚಪ್ಪಟೆ ಅಣುವಿನ ಒಂದನೆಯ ಇಂಗಾಲ ಮಾತು ಕೇಳುತ್ತದೆ. 1992ರಲ್ಲಿ ಜರ್ಮನಿಯ ಫ್ರಾಂಜ್ ಬ್ರಾಖರ್ ಅಲ್ಲಿ ಕ್ಲೋರಿನ್ ಇಟ್ಟು ಪಲ್ಲಾಡಿಯಂನಿಂದ ಬೇರೆ ಬೇರೆ ಗುಂಪು ಜೋಡಿಸಿದ. ಮಿನಿಸ್ಕಿ ಕ್ರಿಯೆಯಲ್ಲಿ ರ‍್ಯಾಡಿಕಲ್‌ಗಳು ಕ್ಲೋರಿನ್ ಇಲ್ಲದೆಯೂ ಅಲ್ಲಿ ಹೋಗಿ ಕೂರುತ್ತವೆ. ಅಲ್ಲೊಂದು ಬೆಂಜೀನ್ ಉಂಗುರವಿದ್ದರೆ, ಪಿರಿಡೀನ್‌ನ ಸಾರಜನಕ ಲೋಹವನ್ನು ಹಿಡಿದುಕೊಂಡು ಆ ಉಂಗುರದ ಪಕ್ಕದ ಇಂಗಾಲ-ಜಲಜನಕ ಬಂಧಕ್ಕೆ ದಾರಿ ತೋರಿಸುತ್ತದೆ.

ಗಿಡದೊಳಗೇ ತಿದ್ದಿದವರೂ ಇದ್ದಾರೆ. ಸಾರಾ ಓ'ಕಾನರ್ ತಂಡ 2010ರಲ್ಲಿ ಬ್ಯಾಕ್ಟೀರಿಯಾದ ಹ್ಯಾಲೊಜನೇಸ್ ಕಿಣ್ವದ ಜೀನನ್ನು ನಿತ್ಯಪುಷ್ಪದ ಬೇರಿಗೆ ಸೇರಿಸಿತು. ಬೇರು ಕ್ಲೋರಿನ್ ಹೊತ್ತ ಹೊಸ ಆಲ್ಕಲಾಯ್ಡ್‌ಗಳನ್ನು ಮಾಡಿತು. ಆ ಕ್ಲೋರಿನ್ ಮುಂದಿನ ಪಲ್ಲಾಡಿಯಂ ಕ್ರಿಯೆಗಳಿಗೆ ಹಿಡಿಕೆಯಾಗಬಲ್ಲದು.

ಇನ್ನೂ ಇತ್ಯರ್ಥವಾಗದ್ದು

ಮೊದಲ ಪ್ರಶ್ನೆ ಹಳೆಯದು. ಇಂಡೋಲ್ ಎರಗುವುದು ತನ್ನ ಎರಡನೆಯ ಇಂಗಾಲದಿಂದಲೋ ಮೂರನೆಯದರಿಂದಲೋ? ಸಾಮಾನ್ಯವಾಗಿ ಇಂಡೋಲ್‌ನ ಮೂರನೆಯ ಇಂಗಾಲವೇ ಹೆಚ್ಚು ಚುರುಕು. ಅಲ್ಲಿಂದ ಎರಗಿದರೆ ಮೊದಲು ಸ್ಪೈರೊಇಂಡೊಲೆನಿನ್ ಎಂಬ ಐದು ಮೂಲೆಯ ಉಂಗುರವಾಗಿ, ಆಮೇಲೆ ಒಂದು ಬಂಧ ಪಕ್ಕಕ್ಕೆ ಸರಿದು ಆರು ಮೂಲೆಯದಾಗಬೇಕು. 1960ರ ದಶಕದಿಂದ ಈ ವಾದ ನಡೆದಿದೆ. 2008ರಲ್ಲಿ ಓ'ಕಾನರ್ ತಂಡ ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಮೇಲೆ ನಡೆಸಿದ ಐಸೊಟೋಪ್ ಪ್ರಯೋಗಗಳು, ಕೊನೆಗೆ ಪ್ರೋಟಾನ್ ಬಿಟ್ಟುಹೋಗುವ ಹಂತವೇ ಅತಿ ನಿಧಾನದ್ದು ಎಂದು ತೋರಿಸಿದವು. ಯೂ ಶುಲಿ ತಂಡ 2018ರಲ್ಲಿ ಗಣಿತದ ಮಾದರಿಗಳ ನೆರವಿನಿಂದ ಎರಡೂ ಕಡೆಯವರನ್ನು ಒಂದೇ ನಕ್ಷೆಯಲ್ಲಿ ಕೂರಿಸಲು ನೋಡಿತು: ಸ್ಪೈರೊ ಅಣು ಹುಟ್ಟಿದರೂ ಬಹಳ ಸಲ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಯಾವ ಅಣುವಿನಲ್ಲಿ ಸರಿಯುತ್ತದೆ, ಯಾವುದರಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಮೊದಲೇ ಹೇಳುವ ನಿಯಮ ಸಿಕ್ಕಿಲ್ಲ. ಅದು ಸಿಗದೆ ಹೊಸ ಕ್ರಿಯಾವರ್ಧಕದ ವಿನ್ಯಾಸವೆಲ್ಲ ಅರ್ಧ ಊಹೆ.

ಎರಡನೆಯದು ಕೀಟೋನ್‌ಗಳದ್ದು. ಆಲ್ಡಿಹೈಡ್ ಬದಲು ಕೀಟೋನ್ ಹಾಕಿದರೆ ಒಂದನೆಯ ಇಂಗಾಲಕ್ಕೆ ಜಲಜನಕವಿಲ್ಲದೆ ನಾಲ್ಕೂ ಕಡೆ ಬೇರೆ ಗುಂಪು ಬರುತ್ತವೆ. ಇಸಾಟಿನ್, ಆಲ್ಫಾ-ಕೀಟೊಎಸ್ಟರ್‌ಗಳಂಥ ಚುರುಕಾದ ಕೀಟೋನ್‌ಗಳಲ್ಲಿ ಒಂದೇ ಕೈಯ ಫಲಿತ ಬಂದಿದೆ. ಸಾಧಾರಣ ಕೀಟೋನ್‌ಗಳ ಮಟ್ಟಿಗೆ ಸಾರ್ವತ್ರಿಕ ವಿಧಾನವಿಲ್ಲ.

ಮೂರನೆಯದು ಪತ್ರಿಕೆಗೂ ಕಾರ್ಖಾನೆಗೂ ನಡುವಿನ ಅಂತರ. ಟಡಲಾಫಿಲ್ ಹರಳಿನ ವಿಧಾನಕ್ಕೆ ವೆಚ್ಚದಲ್ಲಿ ಎದುರು ನಿಲ್ಲುವ ಸಾವಯವ ಕ್ರಿಯಾವರ್ಧಕ ಬರಬಹುದೇ, ಅಥವಾ ಆ ಜಾಗ ಕಿಣ್ವಗಳ ಪಾಲೇ? ಒಂದೇ ಅಣುವನ್ನು ಎಲ್ಲ ದಾರಿಗಳಲ್ಲೂ ಕಿಲೊ ಪ್ರಮಾಣದಲ್ಲಿ ಮಾಡಿ, ದ್ರಾವಕದ ತೂಕ, ಕಸದ ತೂಕ, ಕ್ರಿಯಾವರ್ಧಕದ ಬೆಲೆ ಸೇರಿಸಿ ಹೋಲಿಸುವವರೆಗೆ ಇದು ಬಾಯಿಮಾತಿನ ವಾದ. ನನ್ನ ಒಲವು ಕಿಣ್ವದ ಕಡೆಗೆ, ಆದರೆ ಅದಕ್ಕೆ ಬರಿ ಇಳುವರಿಯ ಕೋಷ್ಟಕಗಳು ಸಾಕ್ಷಿಯಾಗವು.

ಕಡೆಯದು ಬೆಂಜೀನ್ ಬದಿಯದು. ಐದರಿಂದ ಎಂಟರವರೆಗಿನ ಇಂಗಾಲಗಳಲ್ಲಿ ಬೇಕಾದದ್ದೊಂದನ್ನು ಮಾತ್ರ ಮುಟ್ಟಿ, ಅಲ್ಲಿನ ಜಲಜನಕ ತೆಗೆದು ಆಮ್ಲಜನಕವನ್ನೋ ಇಂಗಾಲವನ್ನೋ ಇಡುವ ನೆಚ್ಚಬಹುದಾದ ಕ್ರಿಯಾವರ್ಧಕ ಇಲ್ಲ. ಬ್ರೋಮಿನ್ ಹಾಕಿದರೆ ಅದು ತನಗೆ ಬೇಕಾದ ಆರನೆಯ ಸ್ಥಾನಕ್ಕೇ ಹೆಚ್ಚಾಗಿ ಹೋಗುತ್ತದೆ. ಹಾರ್ಮೀನ್‌ನ ಗುರುತೇ ಏಳನೆಯ ಸ್ಥಾನದ ಮೆಥಾಕ್ಸಿ ಗುಂಪು. ಅದನ್ನು ಕಟ್ಟಿದ ಚೌಕಟ್ಟಿನ ಮೇಲೆ ಆಮೇಲೆ ಇಡಲು ಬರುವುದಿಲ್ಲವಾದ್ದರಿಂದ, ಹಾರ್ಮೀನ್ ಬೇಕಾದವರು ಇಂದಿಗೂ ಮೆಥಾಕ್ಸಿ ಮೊದಲೇ ಇರುವ ಟ್ರಿಪ್ಟಮೈನ್‌ನಿಂದ ಹೊರಡುತ್ತಾರೆ, ಇಲ್ಲವೇ ಹರ್ಮಲದ ಬೀಜ ಅರೆಯುತ್ತಾರೆ.